ಶಕ್ತಿ ಯೋಜನೆ ಕಾರ್ಖಾನೆಯ ಬಸ್ಸಿಗೆ ಬದಲಿಯಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ಕೈಗಾರಿಕಾ ಪ್ರದೇಶವೊಂದರಲ್ಲಿರುವ ಬಿಡಿಭಾಗ ತಯಾರಿಕಾ ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮನ್ನು ಕೆಲಸಕ್ಕೆ ತೆಗೆದುಕೊಂಡಾಗ ಕೊಟ್ಟ ನೇಮಕಾತಿ ಪತ್ರದಲ್ಲಿ, ನಿಗದಿತ ಮಾರ್ಗಗಳಲ್ಲಿ ಕಂಪನಿಯೇ ಬಸ್ಸು ಒದಗಿಸುತ್ತದೆ, ಅದಕ್ಕಾಗಿ ತಿಂಗಳ ಸಂಬಳದಿಂದ ಸಣ್ಣ ಮೊತ್ತವನ್ನು ಮುರಿದುಕೊಳ್ಳುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ. ಈಗ ಆ ಬಸ್ಸುಗಳನ್ನು ನಿಲ್ಲಿಸಲಾಗಿದೆ. ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಇರುವುದರಿಂದಲೂ, ಕಾರ್ಮಿಕರಲ್ಲಿ ಹೆಚ್ಚಿನವರು ಮಹಿಳೆಯರೇ ಆಗಿರುವುದರಿಂದಲೂ ಕಂಪನಿಯ ಬಸ್ಸಿನ ಅಗತ್ಯ ಉಳಿದಿಲ್ಲ ಎಂಬ ಕಾರಣವನ್ನು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದಾರೆ. ಬೇರೆ ಕಾರ್ಖಾನೆಗಳಲ್ಲಿ ದುಡಿಯುವ ಪರಿಚಯಸ್ಥರಿಂದಲೂ ಇದೇ ಮಾತು ಕೇಳಿಬರುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸರ್ಕಾರ ಕೊಟ್ಟ ಸೌಲಭ್ಯ. ಶೂನ್ಯ ಟಿಕೆಟ್ಟಿನ ವೆಚ್ಚವನ್ನು ಸರ್ಕಾರವು ನಾಲ್ಕು ಸಾರಿಗೆ ನಿಗಮಗಳಿಗೆ ಸಾರ್ವಜನಿಕರ ತೆರಿಗೆ ಹಣದಿಂದ ತುಂಬಿಕೊಡುತ್ತದೆ. ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ, ಅವರು ಮನೆಯಿಂದ ಹೊರಬಂದು ದುಡಿಯುವಂತಾಗಲಿ ಎಂಬುದು ಅದರ ಉದ್ದೇಶ. ಆ ಉಳಿತಾಯವನ್ನೇ ನೆಪ ಮಾಡಿಕೊಂಡು ಮಾಲೀಕರು ತಾವು ಒಪ್ಪಿಕೊಂಡ ಖರ್ಚಿನಿಂದ ಕೈತೊಳೆದುಕೊಂಡರೆ, ಕಾರ್ಮಿಕ ಮಹಿಳೆಗೆ ಸರ್ಕಾರ ಕೊಟ್ಟದ್ದು ಅವಳ ಕೈಗೆ ತಲುಪದೆ ಕಂಪನಿಯ ಲೆಕ್ಕಪುಸ್ತಕದ ಲಾಭದ ಕಡೆಗೆ ಸೇರಿದಂತಾಗುತ್ತದೆ. ಇದನ್ನು ಸರ್ಕಾರವೂ ಗಂಭೀರವಾಗಿ ಗಮನಿಸಬೇಕು.

ಆ ಶೂನ್ಯ ಟಿಕೆಟ್ಟಾದರೂ ನಮ್ಮ ಪಾಳಿಯ ವೇಳೆಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಹೇಳಬೇಕು. ಮೊದಲ ಪಾಳಿ ಬೆಳಿಗ್ಗೆ 6ಕ್ಕೆ ಶುರುವಾಗುತ್ತದೆ, ಎರಡನೆಯ ಪಾಳಿ ಮುಗಿಯುವಾಗ ರಾತ್ರಿ 10 ಗಂಟೆ. ಹಳ್ಳಿಯ ಕಡೆಗೆ ಹೋಗುವ ಸರ್ಕಾರಿ ಬಸ್ಸು ಆ ಎರಡು ಹೊತ್ತಿನಲ್ಲೂ ಇಲ್ಲ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ತಡೆರಹಿತ ಬಸ್ಸುಗಳು ಬೈಪಾಸ್ ಹಿಡಿದು ಊರುಗಳನ್ನು ಬಿಟ್ಟು ಹೊರಗಿನಿಂದಲೇ ಸಾಗುತ್ತವೆ. ಕಂಪನಿಯ ಬಸ್ಸು ನಮ್ಮನ್ನು ಊರಿನ ಕ್ರಾಸಿನಲ್ಲಿ ಹತ್ತಿಸಿಕೊಂಡು ಗೇಟಿನೊಳಗೆ ಇಳಿಸುತ್ತಿತ್ತು. ಈಗ ಬಸ್ ನಿಲ್ದಾಣದಿಂದ ಕಾರ್ಖಾನೆಯವರೆಗಿನ ದಾರಿಯನ್ನು ಷೇರ್ ಆಟೊದಲ್ಲಿಯೋ ನಡೆದೋ ಕ್ರಮಿಸಬೇಕು. ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಎರಡನೆಯ ಪಾಳಿಯ ಹೆಣ್ಣುಮಕ್ಕಳಲ್ಲಿ ಕೆಲವರನ್ನು ಮನೆಯವರು ಈಗಾಗಲೇ ಕೆಲಸ ಬಿಡಿಸಿದ್ದಾರೆ. ಆಡಳಿತ ಮಂಡಳಿಯ ಕಡತದಲ್ಲಿ ಅದು ಸ್ವಇಚ್ಛೆಯ ರಾಜೀನಾಮೆ ಎಂದು ದಾಖಲಾಗಿದೆ.

ಪುರುಷ ಕಾರ್ಮಿಕರಿಗೆ ಶಕ್ತಿ ಯೋಜನೆ ಅನ್ವಯಿಸುವುದೇ ಇಲ್ಲ. 2025ರ ಜನವರಿ 5ರಿಂದ ರಾಜ್ಯದಲ್ಲಿ ಬಸ್ ಪ್ರಯಾಣ ದರ ಶೇ 15ರಷ್ಟು ಏರಿದೆ. ಬಸ್ಸಿಗೆಂದು ಮುರಿದುಕೊಳ್ಳುತ್ತಿದ್ದ ಹಣವನ್ನು ಈಗ ಮುರಿಯುತ್ತಿಲ್ಲವಾದ್ದರಿಂದ ನಿಮ್ಮ ಕೈಗೆ ಬರುವ ಸಂಬಳ ಹೆಚ್ಚಾಗಿದೆ ಎಂದು ಕಚೇರಿಯಲ್ಲಿ ಹೇಳುತ್ತಾರೆ, ಆದರೆ ಆ ಮೊತ್ತ ನಾಲ್ಕೈದು ದಿನದ ಟಿಕೆಟ್ಟಿಗೂ ಸಾಲುವುದಿಲ್ಲ. ಆದಕಾರಣ ಹಲವರು ಬೈಕಿಗೆ ಮೊರೆಹೋಗಿದ್ದಾರೆ. ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿರುವುದರಿಂದ, ಎಂಟು ಗಂಟೆ ನಿಂತು ದುಡಿದ ಮೈಯಲ್ಲಿ ರಾತ್ರಿ ಹೊತ್ತು ಸರ್ವಿಸ್ ರಸ್ತೆಯಲ್ಲೇ ಮನೆ ಸೇರಬೇಕು. ಇಎಸ್‌ಐ ಕಾನೂನಿನ ದೃಷ್ಟಿಯಿಂದಲೂ ಇದು ಸಣ್ಣ ಬದಲಾವಣೆಯಲ್ಲ. ಮಾಲೀಕರು ಒದಗಿಸಿದ ವಾಹನದಲ್ಲಿ ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತವನ್ನು ಉದ್ಯೋಗದ ವೇಳೆಯ ಗಾಯವೆಂದು ಪರಿಗಣಿಸಲು ಪ್ರತ್ಯೇಕ ನಿಯಮವಿದೆ. ಸ್ವಂತ ಬೈಕಿನಲ್ಲಿ ಬರುವಾಗ ಅಪಘಾತವಾದರೆ ಅದರ ಸಂದರ್ಭ, ಸಮಯ ಮತ್ತು ಸ್ಥಳಕ್ಕೂ ಕೆಲಸಕ್ಕೂ ಇದ್ದ ಸಂಬಂಧವನ್ನು ಗಾಯಾಳುವೋ ಅವನ ಕುಟುಂಬವೋ ಸಾಬೀತುಪಡಿಸಬೇಕು.

ಬಸ್ಸು ಕೊಡುವುದು ಕಂಪನಿಯ ಔದಾರ್ಯ, ಕೊಟ್ಟವರಿಗೆ ಹಿಂಪಡೆಯುವ ಅಧಿಕಾರವೂ ಇದೆ ಎಂಬ ವಾದವನ್ನು ನಮ್ಮ ಮುಂದೆ ಇಟ್ಟಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನ ಪ್ರಕಾರ, ರೂಢಿಯಲ್ಲಿರುವ ರಿಯಾಯಿತಿ ಅಥವಾ ಸವಲತ್ತನ್ನು ಹಿಂಪಡೆಯುವ ಮುನ್ನ ಕಾರ್ಮಿಕರಿಗೆ ನೋಟಿಸ್ ಕೊಟ್ಟು 21 ದಿನ ಕಾಯಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಇದೇ ನಿಯಮ ಉಳಿದುಕೊಂಡಿದೆ. ಹೊಸ ಸಂಹಿತೆ ಬಂದಿದೆ, ಹಳೆಯದೆಲ್ಲ ರದ್ದಾಗಿದೆ ಎಂದು ಕಾರ್ಮಿಕರನ್ನು ನಂಬಿಸುವವರು ಈ ಕಲಮನ್ನು ಓದಬೇಕು. ಅಸ್ಸಾಂನಲ್ಲಿ ಕೊಡುತ್ತಿದ್ದ ಪರಿಹಾರ ಭತ್ಯೆಯನ್ನು ಇಂಡಿಯನ್ ಆಯಿಲ್ ಕಾರ್ಪೊರೇಷನ್ ಏಕಪಕ್ಷೀಯವಾಗಿ ನಿಲ್ಲಿಸಿದ ಪ್ರಕರಣದಲ್ಲಿ, ಹಾಗೆ ನೋಟಿಸಿಲ್ಲದೆ ನಿಲ್ಲಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ತೀರ್ಪು ಕೊಟ್ಟಿದೆ. ನಮ್ಮ ವಿಷಯದಲ್ಲಿ ರೂಢಿಯ ಜೊತೆಗೆ ಲಿಖಿತ ಷರತ್ತೂ ಇದೆ. ಬೋರ್ಡಿಗೆ ಕಾಗದ ಹಚ್ಚಿದ್ದು ಶನಿವಾರ, ಬಸ್ಸು ನಿಂತದ್ದು ಸೋಮವಾರ.

ಸಾರಿಗೆ ವ್ಯವಸ್ಥೆಯನ್ನು ಕಂಪನಿಯು ತನ್ನ ವಿವೇಚನೆಯಂತೆ ಮಾರ್ಪಡಿಸಬಹುದು ಎಂಬ ಸಾಲೊಂದು ನೇಮಕಾತಿ ಪತ್ರದಲ್ಲಿ ಇರುವುದು ನಿಜ. ಮಾರ್ಗ ಬದಲಿಸುವುದಕ್ಕೆ, ನಿಲುಗಡೆ ಕಡಿಮೆ ಮಾಡುವುದಕ್ಕೆ, ಎರಡು ಬಸ್ಸಿನ ಜನರನ್ನು ಒಂದರಲ್ಲಿ ಕೂರಿಸುವುದಕ್ಕೆ ಆ ಸಾಲು ಅವಕಾಶ ಕೊಡಬಹುದು ಎಂದು ಒಪ್ಪುತ್ತೇನೆ. ಆದರೆ ಮಾರ್ಪಾಡು ಎಂಬ ಹೆಸರಿನಲ್ಲಿ ಸೌಲಭ್ಯವನ್ನೇ ಇಲ್ಲವಾಗಿಸುವುದು ಬೇರೆ ಮಾತು, ಮತ್ತು ಶಾಸನವು ವಿಧಿಸಿದ ನೋಟಿಸಿನ ಹೊಣೆಯಿಂದ ಮಾಲೀಕರನ್ನು ಬಿಡಿಸುವ ಶಕ್ತಿ ಅವರೇ ಬರೆದುಕೊಂಡ ಸಾಲಿಗೆ ಇಲ್ಲ. ಕಾರ್ಮಿಕರೆಂಬ ಕಾನೂನಿನ ವ್ಯಾಖ್ಯೆಯೊಳಗೆ ಬಾರದ ಮೇಲ್ವಿಚಾರಕರ ಪಾಡು ಇನ್ನೂ ಕಷ್ಟದ್ದು. ಅವರಿಗೆ ಈ ನೋಟಿಸಿನ ರಕ್ಷಣೆ ಇಲ್ಲ, ಕರಾರನ್ನು ಬದಲಿಸಲು ಎರಡೂ ಪಕ್ಷಗಳ ಒಪ್ಪಿಗೆ ಬೇಕೆನ್ನುವ 1872ರ ಕರಾರು ಕಾಯ್ದೆಯೊಂದೇ ಆಸರೆ.

ಈ ಒಪ್ಪಿಗೆಯನ್ನೇ ಈಗ ಸದ್ದಿಲ್ಲದೆ ಸಂಗ್ರಹಿಸಲಾಗುತ್ತಿದೆ. ಪಾಳಿ ಮುಗಿದು ಹೊರಡುವ ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲಿ ಮುದ್ರಿಸಿದ ಹಾಳೆಯೊಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಬಸ್ ಸೌಲಭ್ಯ ರದ್ದಾಗಿರುವುದಕ್ಕೆ ನನ್ನ ಸಮ್ಮತಿಯಿದೆ ಎಂದು ಅದರಲ್ಲಿದೆ. ಇಂಥ ಹಾಳೆ ಬಂದರೆ ಸಹಿ ಮಾಡುವ ಮುನ್ನ ಓದಿಸಿಕೊಳ್ಳಿ, ಕನ್ನಡದ ಪ್ರತಿ ಕೇಳಿ ಎಂದು ಓದುಗರಲ್ಲಿರುವ ಕಾರ್ಮಿಕರನ್ನು ಕೇಳಿಕೊಳ್ಳುತ್ತೇನೆ. ಸಹಿ ಮಾಡಲೇಬೇಕಾದ ಒತ್ತಡ ಬಂದರೆ ಆಕ್ಷೇಪಣೆಯೊಂದಿಗೆ ಎಂದು ಕೈಯಿಂದಲೇ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ ಮುಂದೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗುವಾಗ ದಾಖಲೆಯಾಗುತ್ತದೆ.

ಕಾರ್ಮಿಕ ಇಲಾಖೆಯು, ಶಕ್ತಿ ಯೋಜನೆಯನ್ನು ಕಾರಣವಾಗಿ ತೋರಿಸಿ ಸಾರಿಗೆ ಸೌಲಭ್ಯ ನಿಲ್ಲಿಸುವಂತಿಲ್ಲ ಎಂಬ ಸ್ಪಷ್ಟ ಸುತ್ತೋಲೆಯನ್ನು ಎಲ್ಲ ಕೈಗಾರಿಕಾ ಪ್ರದೇಶಗಳಿಗೆ ಹೊರಡಿಸಬೇಕು. ಶಾಸನಬದ್ಧ ನೋಟಿಸಿಲ್ಲದೆ ಈಗಾಗಲೇ ನಿಲ್ಲಿಸಿರುವ ಕಡೆಗಳಲ್ಲಿ ಬಸ್ಸುಗಳನ್ನು ಪುನರಾರಂಭಿಸುವಂತೆ ಸೂಚಿಸಿ, ಆ ಬಳಿಕವೇ ಮಾತುಕತೆ ನಡೆಸಬೇಕು. ರಾತ್ರಿ 10ಕ್ಕೆ ಪಾಳಿ ಮುಗಿಸುವ ಮಹಿಳೆಯರ ವಿಷಯದಲ್ಲಿ ಮಾತುಕತೆ ಮುಗಿಯುವವರೆಗೂ ಕಾಯದೆ ತಕ್ಷಣ ವಾಹನ ಒದಗಿಸುವಂತೆ ಮಾಡಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಕಾರ್ಮಿಕ, ಚನ್ನಪಟ್ಟಣ ತಾಲ್ಲೂಕು