ಫ್ಯಾನ್ ಬಿಚ್ಚುವ ಮೊದಲು ಕರ್ನಲ್ ನೋಡಿ

ಸಂಪಾದಕರಿಗೆ ನಮಸ್ಕಾರ,

ಜುಲೈ ತಿಂಗಳ ಮಡಿಕೇರಿ ಮಳೆ ಹೇಗಿರುತ್ತದೆ ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಗಲಲ್ಲೂ ಸ್ವೆಟರ್ ಬಿಚ್ಚಲಾಗದ ಆ ಚಳಿಯಲ್ಲಿ ನಮ್ಮ ಮಗಳ ಲ್ಯಾಪ್‌ಟಾಪ್ ಮಾತ್ರ ಕಾವಲಿಯ ಹಾಗೆ ಕಾದಿರುತ್ತಿತ್ತು. ಸುಮ್ನೆ ಬ್ರೌಸರ್ ತೆರೆದಿಟ್ಟರೂ ಫ್ಯಾನ್ ಒಂದೇ ಸಮನೆ ಕಿರುಚುತ್ತಿತ್ತು, ಬಿಸಿ 85 ಡಿಗ್ರಿ ದಾಟುತ್ತಿತ್ತು.

ರಿಪೇರಿ ಅಂಗಡಿಗೆ ಒಯ್ದೆವು. ಫ್ಯಾನ್ ಬದಲಿಸಿದರು, ಪ್ರೊಸೆಸರ್ ಮೇಲೆ ಹೊಸ ಪೇಸ್ಟ್ ಹಚ್ಚಿದರು, 2,600 ರೂಪಾಯಿ ಆಯಿತು. ವಾರದೊಳಗೆ ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ, ಮದರ್‌ಬೋರ್ಡ್ ಹೋಗಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂದರು. ಕಾಫಿ ಕುಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇರುವಾಗ ಅಷ್ಟು ದುಡ್ಡು ಎಲ್ಲಿಂದ ತರುವುದು?

ಕಾರಣ ಬೇರೆಯೇ ಇತ್ತು. ಅದರಲ್ಲಿದ್ದದ್ದು ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ನಮ್ಮಲ್ಲಿ ನೆಟ್ ನಿಧಾನ, ಅಪ್‌ಡೇಟ್ ಕೇಳಿದಾಗಲೆಲ್ಲ ‘ಆಮೇಲೆ’ ಅಂತ ಒತ್ತಿ ಬಿಡುತ್ತಿದ್ದೆವು, ಹಾಗಾಗಿ ಸಿಸ್ಟಂನ ತಿರುಳಾದ ಕರ್ನಲ್ ಮೊದಲ ದಿನದ 5.15ರಲ್ಲೇ ಉಳಿದುಬಿಟ್ಟಿತ್ತು. ಪ್ರೊಸೆಸರ್ ಯಾವಾಗ ಜೋರಾಗಿ ಓಡಬೇಕು, ಯಾವಾಗ ನಿಧಾನ ಆಗಬೇಕು ಅಂತ ನೋಡಿಕೊಳ್ಳುವುದು ಈ ಕರ್ನಲ್. ನಮ್ಮದು ಎಎಂಡಿ ಕಂಪನಿಯ ಪ್ರೊಸೆಸರ್. ಕರ್ನಲ್‌ನೊಳಗಿನ ಹಳೆಯ ಡ್ರೈವರ್, ಅಂದರೆ ಪ್ರೊಸೆಸರನ್ನು ನಡೆಸುವ ಪುಟ್ಟ ಪ್ರೋಗ್ರಾಂ, ಅದನ್ನು ವೇಗದ ಮೂರೇ ಮೂರು ಮೆಟ್ಟಿಲಲ್ಲಿ ಓಡಿಸುತ್ತದೆ, ಸಣ್ಣ ಕೆಲಸಕ್ಕೂ ಮೇಲಿನ ಮೆಟ್ಟಿಲಿಗೆ ಹಾರಬೇಕು, ಬಿಸಿ ಏರದೆ ಇನ್ನೇನಾಗುತ್ತದೆ? ಎಎಂಡಿ ಪಿ-ಸ್ಟೇಟ್ ಎಂಬ ಹೊಸ ಡ್ರೈವರ್ 2022ರಲ್ಲಿ 5.17 ಕರ್ನಲ್ ಜೊತೆ ಬಂತು. 6.5ರಿಂದೀಚೆಗೆ ಇಂಥ ಪ್ರೊಸೆಸರ್‌ಗಳಲ್ಲಿ ಅದು ತಾನಾಗಿಯೇ ಚಾಲೂ ಆಗುತ್ತದೆ, ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸುತ್ತದೆ.

ಪಕ್ಕದ ಮನೆಯ ಹುಡುಗ ಬಂದು ಕರ್ನಲ್ ಅನ್ನು 6.8ಕ್ಕೆ ಏರಿಸಿಕೊಟ್ಟ. ರೀಸ್ಟಾರ್ಟ್ ಆದಮೇಲೆ ನೋಡಿದರೆ 50ರ ಆಸುಪಾಸು! ಒಂದು ಪೈಸೆ ಖರ್ಚಾಗಲಿಲ್ಲ.

ಎಲ್ಲ ಬಿಸಿಗೂ ಇದೇ ಮದ್ದು ಅಂತ ನಾನು ಹೇಳುತ್ತಿಲ್ಲ. ಗಾಳಿಯ ಕಿಂಡಿಯಲ್ಲಿ ಧೂಳು ಕಟ್ಟಿದ್ದರೆ ಬಿಚ್ಚಿ ತೆಗೆಯಲೇಬೇಕು. ಆದರೆ ಲಿನಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ಮೊದಲು ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ ‘uname -r’ ಎಂದು ಟೈಪ್ ಮಾಡಿ ಕರ್ನಲ್ ಎಷ್ಟು ಹಳೆಯದು ಅಂತ ನೋಡಿ. ಒಂದು ನಿಮಿಷದ ಕೆಲಸ ಅಲ್ವಾ?

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮರ ಬಿದ್ದು ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೋ ಗೊತ್ತಾಗಲ್ಲ, ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಅಪ್‌ಡೇಟ್‌ಗೆ ಕೈ ಹಾಕಿ, ನಡುವೆ ಆಫ್ ಆದರೆ ತೊಂದರೆ ಜಾಸ್ತಿ. ಡೌನ್‌ಲೋಡ್ ನೂರಾರು ಎಂಬಿ ಇರುತ್ತದೆ, ತೋಟದ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಪೇಟೆಗೆ ಹೋದಾಗ ಮಾಡಿಕೊಳ್ಳಿ. ಹೊಸ ಕರ್ನಲ್ ಹೊಂದದಿದ್ದರೂ ಹೆದರಬೇಡಿ. ಹಿಂದಿನದು ಒಳಗೇ ಇರುತ್ತದೆ, ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿದರೆ ಬರುವ ಗ್ರಬ್ ಎಂಬ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಅದನ್ನೇ ಆರಿಸಿಕೊಳ್ಳಬಹುದು.

ಜಿಲ್ಲೆಯ ರಿಪೇರಿ ಅಂಗಡಿಯವರಲ್ಲೂ ಕೇಳಿಕೊಳ್ಳುತ್ತೇನೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಈ ನಂಬರ್ ಒಮ್ಮೆ ನೋಡಿ, ಗಿರಾಕಿಗೂ ತೋರಿಸಿ.

– ಒಬ್ಬ ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು