ಗುಲಗಂಜಿಯ ಬದಲು ಆನೆಗುಲಗಂಜಿ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ,

ನಮಸ್ಕಾರಗಳು.

ಬರುವ ಗೌರಿಹಬ್ಬದಿಂದ ನಮ್ಮ ಮಹಿಳಾ ಸಹಕಾರ ಸಂಘದಲ್ಲಿ ಗುಲಗಂಜಿಯ ಸರ, ಓಲೆ, ಕೈಸರ ಯಾವುದನ್ನೂ ತಯಾರಿಸುವುದಿಲ್ಲ. ಅವುಗಳ ಜಾಗಕ್ಕೆ ಆನೆಗುಲಗಂಜಿ, ಅಂದರೆ ಮಂಜಾಡಿ ಮರದ ಬೀಜದ ಆಭರಣಗಳು ಬರಲಿವೆ. ಕೆಂಪು ಮೈ, ಕಪ್ಪು ಕಣ್ಣಿನ ಪುಟ್ಟ ಗುಲಗಂಜಿಯನ್ನೇ ಮೆಚ್ಚಿ ಪ್ರತಿ ಹಬ್ಬಕ್ಕೂ ತರಿಸಿಕೊಳ್ಳುವವರು ನಿಮ್ಮಲ್ಲಿ ಹಲವರಿದ್ದೀರಿ. ಆದುದರಿಂದ ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿಸುತ್ತಿದ್ದೇವೆ.

ಗುಲಗಂಜಿಯ ಬೀಜದೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಹೊರಗಿನ ಸಿಪ್ಪೆ ಬಹಳ ಗಟ್ಟಿಯಾದ್ದರಿಂದ ಇಡೀ ಬೀಜವನ್ನು ನುಂಗಿದರೂ ಅದು ಎಷ್ಟೋ ಸಲ ಅರಗದೆ ಹೊರಬೀಳುತ್ತದೆ. ಅಕ್ಕಸಾಲಿಗರು ತಲೆಮಾರುಗಳ ಕಾಲ ಚಿನ್ನ ತೂಗಲು ಅದನ್ನು ನಿರಾತಂಕವಾಗಿ ಬಳಸಿದ್ದು ಇಡಿಯ ಬೀಜವನ್ನು. ಆಭರಣದ ಮಾತು ಬೇರೆ. ದಾರ ಪೋಣಿಸಲು ತೂತು ಕೊರೆದೊಡನೆ ಸಿಪ್ಪೆಯ ಕಾವಲು ತಪ್ಪುತ್ತದೆ, ಕೊರೆಯುವವರ ಮುಖದ ಮುಂದೆಯೇ ಪುಡಿ ಹಾರುತ್ತದೆ, ಸರ ಹರಿದು ಉದುರಿದ ಬೀಜವನ್ನು ಮಗು ಬಾಯಿಗೆ ಹಾಕಿ ಅಗಿದರೆ ಪ್ರಾಣಕ್ಕೇ ಅಪಾಯ. ಕೊರೆಯುವ ಮುನ್ನ ಬೀಜವನ್ನು ನೆನೆಸಿ ಕುದಿಸುವ ರೂಢಿ ಇದೆಯಾದರೂ, ಅದರಿಂದ ಒಳಗಿನ ವಿಷ ಪೂರ್ತಿ ಹೋಯಿತೆಂದು ಹೇಳುವ ಧೈರ್ಯ ನಮಗಿಲ್ಲ. 2011ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಪ್ರಸಿದ್ಧ ಸಸ್ಯೋದ್ಯಾನವೊಂದು ಇದೇ ಬೀಜದ ಕೈಸರಗಳನ್ನು ಮಾರಿ, ಆಮೇಲೆ ಅವನ್ನೆಲ್ಲ ಹಿಂದಕ್ಕೆ ಕರೆಸಿಕೊಂಡಿತ್ತು.

ಆನೆಗುಲಗಂಜಿ ನಮ್ಮ ನೆಲದ್ದೇ ಮರ. (ಗುಲಗಂಜಿ ಮರವಲ್ಲ, ಬಳ್ಳಿ, ಹೆಸರಿನಿಂದ ಎರಡೂ ಒಂದೇ ಜಾತಿಯೆಂದು ತಿಳಿಯುವವರು ಬಹಳ.) ಬಲಿತ ಕಾಯಿ ಒಡೆದು ಸುರುಳಿ ಸುತ್ತಿಕೊಂಡಾಗ ಕೆಂಪು ಬೀಜಗಳು ಸಿಪ್ಪೆಗೆ ಅಂಟಿಕೊಂಡು ಹೊರಗೆ ಕಾಣುತ್ತವೆ, ಕೆಲವು ಬುಡದಲ್ಲಿ ಉದುರಿರುತ್ತವೆ. ನಾವು ಆರಿಸುವುದು ಉದುರಿದ ಬೀಜಗಳನ್ನು ಮಾತ್ರ. ಗುರುವಾಯೂರಿಗೆ ಹೋದವರು ದೇವಸ್ಥಾನದ ಉರುಳಿಯಲ್ಲಿ (ಅಗಲ ಬಾಯಿಯ ಪಾತ್ರೆಯಲ್ಲಿ) ಮಕ್ಕಳು ಬೊಗಸೆ ತುಂಬಿಕೊಳ್ಳುವ ಈ ಬೀಜವನ್ನು ನೋಡಿರುತ್ತೀರಿ. ನಾಲ್ಕು ಬೀಜಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಬಣ್ಣ ವರ್ಷಗಟ್ಟಲೆ ಮಾಸುವುದಿಲ್ಲ. ಇದರಲ್ಲಿ ಅಬ್ರಿನ್ ಇಲ್ಲ. ಹಾಗೆಂದು ಇದೇನೂ ತಿನ್ನುವ ವಸ್ತುವಲ್ಲ, ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ.

ಕೊರೆಯುವುದೇ ಕಷ್ಟದ ಕೆಲಸ. ಎರಡೂ ಕಡೆ ಉಬ್ಬಿದ ನುಣುಪಾದ ಬೀಜ ಬೆರಳಿಗೂ ಇಕ್ಕಳಕ್ಕೂ ನಿಲ್ಲದೆ ಜಾರುವುದರಿಂದ, ಹಲಗೆಯಲ್ಲಿ ಅದರ ಅಳತೆಗೆ ಗುಳಿ ತೋಡಿ ಅಂಚು ಮೇಲಾಗಿ ಕೂರಿಸಿಕೊಂಡು, ಸಣ್ಣ ಡ್ರಿಲ್ ಬಿಟ್ ಅನ್ನು ತಡೆತಡೆದು ಇಳಿಸಬೇಕು. ಅವಸರ ಮಾಡಿದರೆ ಬೀಜ ನಡುವೆ ಸೀಳಿ ಎರಡು ಬೇಳೆಯಾಗುತ್ತದೆ. ಹೀಗೆ ಒಡೆದು ಹೋಗುವ ಬೀಜಗಳ ಲೆಕ್ಕ ಹಿಡಿದು ಹಾರಗಳ ಬೆಲೆಯನ್ನು ಸ್ವಲ್ಪ ಏರಿಸಬೇಕಾಗಿದೆ. ಓಲೆ ಮತ್ತು ಜುಮುಕಿಯ ಬೆಲೆ ಮೊದಲಿನಷ್ಟೇ ಇರುತ್ತದೆ.

ಆನೆಗುಲಗಂಜಿಗೆ ಕಪ್ಪು ಕಣ್ಣಿಲ್ಲ. ಕೆಂಪು-ಕಪ್ಪು ಜೋಡಿಯೇ ಬೇಕೆನ್ನುವವರಿಗಾಗಿ ಅಂಟುವಾಳದ ಕಪ್ಪು ಬೀಜವನ್ನು ನಡುನಡುವೆ ಪೋಣಿಸುತ್ತಿದ್ದೇವೆ. ಹಳೆಯ ಗುಲಗಂಜಿ ಸರದ ಸೊಬಗೇ ಇದಕ್ಕೂ ಬಂದೀತೆಂದು ನಾವು ಹೇಳುವುದಿಲ್ಲ, ಆದರೆ ಕೊರಳಲ್ಲಿ ಇದು ಹೆಚ್ಚು ಗಂಭೀರವಾಗಿ ಒಪ್ಪುತ್ತದೆ ಎಂಬುದು ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ.

ನಿಮ್ಮ ಬಳಿ ಈಗಾಗಲೇ ಇರುವ ಗುಲಗಂಜಿ ಆಭರಣಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಬೀಜ ಬಿರಿದಿದ್ದರೆ ಧರಿಸಬೇಡಿ. ಯಾರಾದರೂ ಬೀಜವನ್ನು ನುಂಗಿದರೆ ಅಥವಾ ಅಗಿದರೆ, ಲಕ್ಷಣ ಕಾಣಿಸಿಕೊಳ್ಳಲು ಗಂಟೆಗಳೇ ಹಿಡಿಯಬಹುದಾದ್ದರಿಂದ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಾಧ್ಯವಾದರೆ ಅದೇ ಸರದ ಒಂದು ಬೀಜವನ್ನು ವೈದ್ಯರಿಗೆ ತೋರಿಸಿ. ನಮ್ಮಲ್ಲಿ ಕೊಂಡ ಗುಲಗಂಜಿ ಆಭರಣವನ್ನು ಮರಳಿಸಿದವರಿಗೆ ಅದೇ ಬಗೆಯ ಹೊಸ ಆಭರಣವನ್ನು ಹಣ ಪಡೆಯದೆ ಕೊಡುತ್ತೇವೆ. ರಸೀದಿ ಬೇಕಿಲ್ಲ, ನಮ್ಮ ಹೆಣಿಗೆಯ ಗಂಟು ನಮಗೆ ಗುರುತಾಗುತ್ತದೆ. ಅಂಚೆಯಲ್ಲಿ ಕಳುಹಿಸುವವರು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಳಗೆ ನಿಮ್ಮ ಹೆಸರು, ವಿಳಾಸ ಮತ್ತು ಬೇಕಾದ ಸರದ ಉದ್ದವನ್ನು ಬರೆದಿಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ