ಮಗಳಿಗೊಂದು ಪತ್ರ: ಇತ್ತ ನಾವೆಲ್ಲ ಕ್ಷೇಮ

ಮಾಳಮಡ್ಡಿ, ಧಾರವಾಡ
ಮೇ 14

ನನ್ನ ಮುದ್ದಿನ ಚಿನ್ನವ್ವಾ,

ಇತ್ತ ನಾವೆಲ್ಲ ಕ್ಷೇಮ. ನಾವೆಲ್ಲ ಅಂದರೆ ನಾನು, ತುಳಸಿ ಗಿಡ, ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ. ಪತ್ರ ಅಂದರೆ ಹೀಗೇ ಶುರು ಮಾಡಬೇಕು ಅಂತ ನಮಗೆ ಸಾಲಿಯಲ್ಲಿ ಕಲಿಸಿದ್ದರು. ಫೋನ್ ಇರುವಾಗ ಪತ್ರ ಯಾಕೆ ಅಂತೀಯಾ? ನೀನು ಅಜ್ಜಿಯ ಮನೆಗೆ ಹೋದಾಗಿನಿಂದ ಫೋನ್ ಮಾಡಿದರೆ ನಿನ್ನ ಹಿಂದೆ ಅಜ್ಜಿ, ಮಾಮಾ, ಟಿವಿ ಎಲ್ಲಾ ಒಟ್ಟಿಗೆ ಮಾತಾಡುತ್ತಾರೆ. ನನ್ನ ಪಾಳಿ ಬರುವಷ್ಟರಲ್ಲಿ ನೀನು ಆಡೋದಕ್ಕೆ ಓಡಿರುತ್ತೀಯ. ಇದನ್ನು ಅಜ್ಜಿ ನಿನ್ನ ಕೈಯಿಂದ ಓದಿಸಿಕೊಂಡು ಕೇಳುತ್ತಾಳೆ ಅಂತಲೂ ಗೊತ್ತು. ಅವ್ವಾ, ನಮಸ್ಕಾರ. ಮುಂದಿನದನ್ನು ಕೇಳಿ ಬೈಬೇಡ.

ಮೊನ್ನೆ ನೀನು ಕೇಳಿದೆ, "ಮಮ್ಮಿ, ನಾ ಇಲ್ಲದ ನಿನಗ ಬ್ಯಾಸರ ಆಗತದ ಇಲ್ಲೋ?" ಅಂತ. "ಭಾಳ ಆಗತದವ್ವ" ಅಂದೆ. ಪಕ್ಕದಿಂದ ಅಜ್ಜಿ "ಪಾಪ" ಅಂದದ್ದೂ ಕೇಳಿಸಿತು. ಫೋನ್ ಇಟ್ಟ ಮೇಲೆ ಒಂಥರಾ ಕಿರಿಕಿರಿ. ನಿನಗೆ ಸುಳ್ಳು ಹೇಳಬೇಡ ಅಂತ ದಿನಾ ಹೇಳುವವಳು ನಾನೇ ಅರ್ಧ ಸುಳ್ಳು ಹೇಳಿದ್ದೆ.

ಖರೆ ಏನಂದರೆ, ಬೇಸರ ಆದದ್ದು ಎರಡು ದಿನ. ಎರಡು ದಿನವೂ ಕೈ ತಾನಾಗೇ ಇಬ್ಬರ ಲೆಕ್ಕದ ಅಕ್ಕಿ ಹಾಕಿತು. ನಿನ್ನ ಕೋಣೆಯ ಫ್ಯಾನ್ ಆರಿಸಲು ಹೋದರೆ ಫ್ಯಾನ್ ಹಚ್ಚಿಯೇ ಇರಲಿಲ್ಲ. ಮೂರನೇ ದಿನ ಆಫೀಸಿನಿಂದ ಬಂದವಳು ಸುಮ್ನೆ ಕಾಲು ಚಾಚಿ ಕೂತೆ. ಯಾರೂ ಏನೂ ಕೇಳಲಿಲ್ಲ. ಹತ್ತು ನಿಮಿಷ ಆಯಿತು, ಅರ್ಧ ತಾಸು ಆಯಿತು. ಆಮೇಲೆ ಎದ್ದು ಉಳ್ಳಾಗಡ್ಡಿ ಒಗ್ಗರಣೆ ಹಾಕಿ, ಹುಣಸೆಹುಳಿ, ಬೆಲ್ಲ ಬಿಟ್ಟು, ಪುಟಾಣಿ ಹಿಟ್ಟು ಉದುರಿಸಿ, ದೊಡ್ಡ ಬುಟ್ಟಿ ತುಂಬ ಚುರಮುರಿ ಗಿರ್ಮಿಟ್ ಕಲಸಿದೆ. ಅದೇ ಊಟ. ಬುಟ್ಟಿಯಲ್ಲೇ ತಿಂದೆ. ಮೆಣಸಿನಕಾಯಿ ಎಷ್ಟು ಬೇಕೋ ಅಷ್ಟು. ನಿನಗೆ ಖಾರ ಆಗುತ್ತದೆ ಅಂತ ಹನ್ನೊಂದು ವರ್ಷದಿಂದ ನಾನು ಸಪ್ಪೆ ಗಿರ್ಮಿಟ್ ತಿನ್ನುತ್ತಿದ್ದೇನೆ ಅನ್ನುವುದು ಆವತ್ತೇ ಹೊಳೆದದ್ದು. ರೊಟ್ಟಿಯನ್ನೂ ಬಡಿದಿಲ್ಲ. ಹಿಂದಿನ ಓಣಿಯ ಕಾಕು ಮಾರುತ್ತಾರಲ್ಲ, ಕಟಕ ರೊಟ್ಟಿ, ಅದನ್ನೇ ತಂದು ಇಟ್ಟಿದ್ದೇನೆ. (ಅವ್ವಾ, ಬೈಬೇಡ ಅಂದೆನಲ್ಲ.)

ರಾತ್ರಿ ಧಾರವಾಡ ಆಕಾಶವಾಣಿಯಲ್ಲಿ ಹಳೇ ಹಾಡು ಬಂತು. ಪಾತ್ರೆ ತೊಳೆಯುತ್ತಾ ಎರಡು ಹೆಜ್ಜೆ ಕುಣಿದೆ. ಮೂರನೇ ಹೆಜ್ಜೆಗೆ ಮೊಣಕಾಲು "ಟಕ್" ಅಂತು. ಕಿಟಕಿಯ ಆಚೆ ಪಕ್ಕದ ಮನೆಯ ಅಜ್ಜ ನಿಂತು ನೋಡುತ್ತಿದ್ದರು. ಮರುದಿನ ಬೆಳಗ್ಗೆ ಹಾಲಿನವನ ಮುಂದೆ "ಆರಾಮದೀರೇನ್ರೀ?" ಅಂತ ಬಹಳ ಕಾಳಜಿಯಿಂದ ಕೇಳಿದರು.

ಈಗ ದೊಡ್ಡ ಸುದ್ದಿ. ನಮ್ಮ ಭಿಶಿ ಗೊತ್ತಲ್ಲ? ಹನ್ನೆರಡು ಮಂದಿ, ತಿಂಗಳಿಗೆ ತಲಾ 2,500. ಗುಣಿಸು ನೋಡೋಣ. ಪ್ರತಿ ತಿಂಗಳು ಚೀಟಿ ಎತ್ತುತ್ತೇವೆ, ಯಾರ ಹೆಸರು ಬರುತ್ತದೋ ಆ ತಿಂಗಳ ಪೂರ್ತಿ ರೊಕ್ಕ ಅವರಿಗೆ. ಈ ಸಲ ನನ್ನ ಹೆಸರು ಬಂತು. ಹೋದ ಸಲದ ರೊಕ್ಕ ನಿನ್ನ ಫೀಸಿಗೆ ಹೋಯಿತು, ಅದರ ಹಿಂದಿನದು ಫ್ರಿಜ್ಜಿಗೆ. ಈ ಸಲ ರೊಕ್ಕ ಎಣಿಸಿ ಪರ್ಸಿನಲ್ಲಿಟ್ಟುಕೊಂಡೆ, ಮಿಕ್ಸರ್ ಹಾಳಾಗಿದೆ ಅನ್ನುವುದನ್ನು ಬೇಕಂತಲೇ ಮರೆತೆ. 26,000ಕ್ಕೆ ಒಂದು ಹಳೇ ಸ್ಕೂಟರ್ ತಗೊಂಡೆ. ಬಣ್ಣ ಒಂಥರಾ ಬದನೆಕಾಯಿ.

ನಿನ್ನ ಮಮ್ಮಿಗೆ ಸೈಕಲ್ ಕೂಡ ಬರುವುದಿಲ್ಲ ಅಂತ ನಿನಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ. ಮಾಮಾ ಏಳನೇತ್ತೆ ಪಾಸಾದಾಗ ಅಜ್ಜ ಅವನಿಗೆ ಸೈಕಲ್ ಕೊಡಿಸಿದರು. ಅವನು ಬೆಟಗೇರಿ ತನಕ ಹೊಡೆದುಕೊಂಡು ಹೋಗುತ್ತಿದ್ದ. ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. ನನಗೂ ಬೇಕು ಅಂದಾಗ ಅಜ್ಜ, "ಹುಡುಗಿಗ್ಯಾಕ ಸೈಕಲ್ಲು, ಬಿದ್ದು ಕಾಲು ಮುರಕೊಂಡ್ರ ಯಾರು ಮಾಡ್ಕೋತಾರ?" ಅಂದರು. ಪ್ರೀತಿಯಿಂದಲೇ ಅಂದರು, ಸಿಟ್ಟೇನಿಲ್ಲ. ಆದರೆ ಆ ಕಾಲು ಇಷ್ಟು ವರ್ಷ ಜೋಪಾನವಾಗಿ ಇದ್ದದ್ದು ಹೋದ ವಾರ ತರಚಿಕೊಂಡಿತು.

ಕಲಿಸುವವಳು ಪೇಡೆ ಮಾವಶಿ. ಬೆಳಗ್ಗೆ ಆರಕ್ಕೆ ಕರ್ನಾಟಕ ಕಾಲೇಜಿನ ಮೈದಾನ. ಅವಳು ಹಿಂದೆ ಕೂತು ನನ್ನ ಎರಡೂ ಭುಜ ಹಿಡಿದುಕೊಳ್ಳುತ್ತಾಳೆ, ದೇವರ ಪಲ್ಲಕ್ಕಿ ಹಿಡಿದವರ ಹಾಗೆ. ಮೊದಲ ದಿನ "ಎಕ್ಸಲೇಟರ್ ಸಾವಕಾಶ ತಿರುಗಸು" ಅಂದಳು. ನಾನು ತಿರುಗಿಸಿದೆ. ಅದು ಓಡಿತು. ಹೆದರಿಕೆಯಾಗಿ ಹ್ಯಾಂಡಲ್ ಗಟ್ಟಿ ಹಿಡಿದೆ. ಹ್ಯಾಂಡಲ್ ಗಟ್ಟಿ ಹಿಡಿದಷ್ಟೂ ಎಕ್ಸಲೇಟರ್ ಇನ್ನೂ ತಿರುಗುತ್ತದೆ ಅಂತ ಯಾರೂ ಹೇಳಿರಲಿಲ್ಲ ನೋಡು! ಅಲ್ಲಿ ಕ್ರಿಕೆಟ್ ಆಡುವ ಹುಡುಗರ ಪಿಚ್ಚಿನ ನಡುವೆಯೇ ಹೋದೆವು. ಬೌಲರ್ ಚೆಂಡು ಬಿಟ್ಟು ಓಡಿದ. "ಆಂಟೀ, ಬ್ರೇಕ್ ಹಿಡೀರಿ, ಬ್ರೇಕ್!" ಅಂತ ನಾಲ್ಕೂ ಕಡೆಯಿಂದ ಕೂಗು. ಬ್ರೇಕ್ ಹಿಡಿದೆ. ಇಬ್ಬರೂ ಕೆಂಪು ಮಣ್ಣಿನಲ್ಲಿ ಕೂತಿದ್ದೆವು, ಸ್ಕೂಟರ್ ಪಕ್ಕದಲ್ಲಿ ಮಲಗಿ ಚಕ್ರ ತಿರುಗಿಸುತ್ತಿತ್ತು. ಮೊಣಕಾಲಿಗಿಂತ ಆ "ಆಂಟಿ" ಜಾಸ್ತಿ ನೋಯಿತು. ಹುಡುಗರು ಬಂದು ಸ್ಕೂಟರ್ ಎತ್ತಿ ಕೊಟ್ಟರು. ಮಾವಶಿ ಮಣ್ಣು ಝಾಡಿಸಿಕೊಂಡು, ಪರ್ಸಿನಿಂದ ಲೈನ್ ಬಜಾರಿನ ಪೇಡೆ ತೆಗೆದು ಎಲ್ಲರಿಗೂ ಒಂದೊಂದು ಕೊಟ್ಟಳು. ಈಗ ನಾವು ಮೈದಾನಕ್ಕೆ ಬಂದರೆ ಅವರೇ ಸ್ಟಂಪ್ ಕಿತ್ತುಕೊಂಡು ಆ ಕಡೆಗೆ ಹೋಗುತ್ತಾರೆ. "ಅಕ್ಕಾರ ಬಂದ್ರೋ" ಅಂತಾರೆ. ಪೇಡೆಯ ಗುಣ.

ಈಗ ಮೈದಾನದಲ್ಲಿ ಚೆನ್ನಾಗಿ ಓಡಿಸುತ್ತೇನೆ. ಕಷ್ಟ ಇರುವುದು ಏರಿನಲ್ಲಿ. ಏಳು ಗುಡ್ಡ, ಏಳು ಕೆರೆಯ ಊರು ಅಂತಾರೆ ನಮ್ಮ ಧಾರವಾಡಕ್ಕೆ. ಕೆರೆ ಎಷ್ಟು ಉಳಿದಿವೆಯೋ, ಗುಡ್ಡ ಏಳೂ ನನ್ನ ಸ್ಕೂಟರಿನ ದಾರಿಯಲ್ಲೇ ಇವೆ. ಏರಿನ ನಡುವೆ ಎಮ್ಮೆ ಅಡ್ಡ ಬಂದು ನಿಂತೆವೆಂದರೆ, ಮತ್ತೆ ಹೊರಡುವಾಗ ಬ್ರೇಕ್ ಬಿಡಬೇಕು, ಎಕ್ಸಲೇಟರ್ ಕೊಡಬೇಕು, ಕಾಲು ನೆಲಕ್ಕೆ ತಾಕಿಸಬೇಕು, ಎಮ್ಮೆಯನ್ನೂ ಕರುಣೆಯಿಂದ ನೋಡಬೇಕು.

ನಿನ್ನೆ ಇನ್ನೊಂದು ಕೆಲಸ ಮಾಡಿದೆ. ರಜೆ ಇತ್ತು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಕೆಲಸ ಏನೂ ಇರಲಿಲ್ಲ. ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ ಅಂತ ನಿನ್ನ ಜಿಕೆ ಪುಸ್ತಕದಲ್ಲಿ ಓದಿಸಿದ್ದೆನಲ್ಲ, 1,507 ಮೀಟರ್, 2023ರ ಮಾರ್ಚಿನಲ್ಲಿ ಉದ್ಘಾಟನೆ. ಅದಕ್ಕೂ ಮುಂಚೆ ಗೋರಖಪುರದ್ದು ದೊಡ್ಡದು, 1,366. ಓದಿಸಿದ್ದು ನಾನೇ, ಇಪ್ಪತ್ತು ಕಿಲೋಮೀಟರ್ ಆಚೆ ಇರುವುದನ್ನು ಒಮ್ಮೆಯೂ ಈ ತುದಿಯಿಂದ ಆ ತುದಿಗೆ ನಡೆದಿಲ್ಲ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದೆ. ಎರಡು ತಾಸು ನಡೆಯುತ್ತದೆ ಆ ಟಿಕೆಟ್. ಚೀಲ ಇಲ್ಲ, ಮಗು ಇಲ್ಲ, ಬಿಡಲು ಬಂದ ನೆಂಟರಿಲ್ಲ. ಕೈ ಬೀಸಿಕೊಂಡು ಹೊರಟೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಜನ ಮುಗಿದರು. ಆಮೇಲೆ ಬೆಂಚು, ನಾಯಿ, ಗಾಳಿ. ಹೆಜ್ಜೆ ಎಣಿಸಿದೆ, 2,214 ಆಯಿತು. ನಡುವೆ ಒಮ್ಮೆ ಲೆಕ್ಕ ತಪ್ಪಿತು, ಇಪ್ಪತ್ತು ಆ ಕಡೆ ಈ ಕಡೆ ಇರಬಹುದು. ತುದಿಯಲ್ಲಿ ಒಬ್ಬ ರೈಲ್ವೆಯವರು ಕೇಳಿದರು, "ಯಾವ ಗಾಡಿರೀ ಅಕ್ಕಾರ?"

"ಯಾವ ಗಾಡಿನೂ ಇಲ್ರೀ."

"ಯಾರರ ಬರವ್ರದಾರೇನ್ರೀ?"

"ಯಾರೂ ಇಲ್ರೀ. ಸುಮ್ನ ಬಂದೇನಿ."

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ನೀರರ ಕುಡೀರಿ, ಬಿಸಲದ" ಅಂದರು.

ಮಧ್ಯಾಹ್ನ ಒಂದು ಖಾನಾವಳಿಗೆ ಹೋದೆ. ನಿನ್ನ ಪಪ್ಪಾನ ಜೊತೆ ಹೋಗಿದ್ದೆ, ಮಾಮಾನ ಜೊತೆ ಹೋಗಿದ್ದೆ, ಒಬ್ಬಳೇ ಹೋದದ್ದು ಇದೇ ಮೊದಲು. ಹುಡುಗ ತಾಟು ಇಟ್ಟ, ಇನ್ನೊಂದು ತಾಟು ಹಿಡಿದು ಬಾಗಿಲ ಕಡೆ ನೋಡಿದ. "ಯಜಮಾನ್ರು ಹಿಂದ ಬರಾಕತ್ತಾರೇನ್ರೀ?" "ಇಲ್ಲಪಾ, ನಾ ಒಬ್ಬಾಕಿನ." ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ತಾಟು ಎತ್ತಿಕೊಂಡು ಹೋದ, ಬಿಸಿ ರೊಟ್ಟಿ ತಂದ. ಎಣ್ಣೆಗಾಯಿ, ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೂರು ರೊಟ್ಟಿ ತಿಂದೆ. ಇಪ್ಪತ್ಮೂರನೇ ವಯಸ್ಸಿನಲ್ಲಿ ಸುಭಾಸ ರೋಡಿನಲ್ಲಿ ಮಿರ್ಚಿ ತಿನ್ನಬೇಕು ಅಂದರೆ ಗೆಳತಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳಿಗೆ ಮಿರ್ಚಿ ಸೇರುತ್ತಲೇ ಇರಲಿಲ್ಲ, ಪಾಪ. ನನ್ನ ಜೊತೆ ನಿಲ್ಲುವುದಕ್ಕಷ್ಟೇ ಬರುತ್ತಿದ್ದಳು.

ನೋಡು, ಈ "ಪಾಪ"ದ ವಿಷಯ. ನಿನ್ನ ಪಪ್ಪಾ ಮತ್ತು ನಾನು ಬೇರೆಯಾಗಿ ನಾಲ್ಕು ವರ್ಷ ಆಯಿತು. ಅದು ಯಾಕೆ, ಏನು ಅಂತ ನಿನಗೆ ಆಗಲೇ ಹೇಳಿದ್ದೇನೆ, ಇನ್ನೊಮ್ಮೆ ಬೇಡ. ಆವತ್ತಿನಿಂದ ಯಾವ ಮದುವೆಗೆ ಹೋದರೂ ನನಗೆ ಒಂದು "ಪಾಪ" ಸಿಗುತ್ತದೆ, ಎಲೆ ಅಡಿಕೆ ಜೊತೆ. ಮೊನ್ನೆ ಹಾವೇರಿಯ ಮದುವೆಯಲ್ಲಿ ಒಬ್ಬ ದೊಡ್ಡವ್ವ ನನ್ನ ಕೈ ಹಿಡಿದು, "ಮೂವತ್ತಾರು ಏನ ವಯಸ್ಸವ್ವ, ಇನ್ನೊಂದು ನೋಡು" ಅಂದಳು. ಹತ್ತು ನಿಮಿಷ ಆದ ಮೇಲೆ ಅವಳೇ, ನಾನು ಹಸಿರು ಕುಪ್ಪಸ ಹಾಕಿದ್ದಕ್ಕೆ, "ಈ ವಯಸ್ಸಿಗೆ ಇಷ್ಟು ಗಾಢ ಬಣ್ಣ ಚಂದ ಕಾಣೂದಿಲ್ಲ" ಅಂದಳು. ಹತ್ತು ನಿಮಿಷದಲ್ಲಿ ನನಗೆ ಎಷ್ಟು ವಯಸ್ಸಾಯಿತು ನೋಡು! ಮದುಮಗನಿಗೆ ಹಾಕಿದ ಏಲಕ್ಕಿ ಮಾಲೆ ಮಾತ್ರ ಬಹಳ ಚಂದ ಇತ್ತು.

ಹಾಗಂತ ಎಲ್ಲ ಸುಖ ಅಂತಲ್ಲ. ಹೋದ ಗುರುವಾರ ರಾತ್ರಿ ಗುಡುಗು, ಮಿಂಚು, ಅಡ್ಡಮಳೆ, ಕರೆಂಟ್ ಹೋಯಿತು. ಮೇಣದಬತ್ತಿ ಎಲ್ಲಿಟ್ಟಿದ್ದೇನೆ ಅಂತ ನಿನಗಷ್ಟೇ ಗೊತ್ತು. ಕತ್ತಲೆಯಲ್ಲಿ ಕೂತು ನಿನ್ನ ಹೆಸರು ಕರೆದೆ, ರೂಢಿ ನೋಡು. ಆವತ್ತು ಬೇಸರ ಆಯಿತು. ಒಟ್ಟು ಎರಡೂವರೆ ದಿನ ಅಂತ ಬರಕೋ.

ನೀನು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿದ ಕೈಯಿಂದ ಕಣ್ಣು ಉಜ್ಜಿಕೊಂಡೆಯಂತೆ. ಇನ್ನು ಶಾವಿಗೆಗೆ ಕೂತುಕೋ, ಖಾರದ ಕೆಲಸ ಅಜ್ಜಿಗೆ ಬಿಡು.

25ಕ್ಕೆ ಕರೆಯಲು ಬರುತ್ತೇನೆ. ಸ್ಕೂಟರ್ ಮೇಲೆ ಅಲ್ಲ, ಕುಣಿಯಬೇಡ. ಸರ್ಕಾರಿ ಬಸ್ಸು, ಇಬ್ಬರಿಗೂ ಜೀರೋ ಟಿಕೆಟ್. ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸ್, ಅದಷ್ಟೇ ಇರುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ನನ್ನದು ಮೇ 3ಕ್ಕೆ ಆಯಿತು. ಮೂವತ್ತು ದಿನ ಆದ ಮೇಲೆ ಪರೀಕ್ಷೆ, ಕಾಲು ನೆಲಕ್ಕೆ ಊರದೆ ಎಂಟು ಹೊಡೆಯಬೇಕು. ಸದ್ಯಕ್ಕೆ ನನ್ನ ಎಂಟು ಮೂರರ ಹಾಗೆ ಬರುತ್ತಿದೆ.

ಭಿಶಿಯ ಉಳಿದ ರೊಕ್ಕದಲ್ಲಿ ಎರಡು ಹೆಲ್ಮೆಟ್ ತಗೊಂಡೆ. ನಿನ್ನದು ಹಳದಿ, ಐಎಸ್‌ಐ ಗುರುತಿನದು. ಡಬ್ಬದ ಮೇಲೆ 540 ಮಿಲಿಮೀಟರ್ ಅಂತ ಇದೆ. ಚೀಟಿ ಕೀಳದಿದ್ದರೆ ಎಂಟು ದಿನದೊಳಗೆ ಬದಲು ಕೊಡುತ್ತೇನೆ ಅಂದಿದ್ದಾನೆ ಅಂಗಡಿಯವನು. ಅದಕ್ಕೆ ಅಜ್ಜಿಯ ಹೊಲಿಗೆ ಡಬ್ಬಿಯಿಂದ ಒಂದು ದಾರ ತಗೋ. ಹುಬ್ಬಿನ ಮೇಲಿನಿಂದ, ಕಿವಿಯ ಮೇಲಿನಿಂದ ತಲೆಗೆ ಒಂದು ಸುತ್ತು ಸುತ್ತು. ಜಡೆಯ ಮೇಲೆ ಅಲ್ಲ, ಜಡೆಯ ಕೆಳಗೆ. ಆಮೇಲೆ ಸ್ಕೇಲಿನಲ್ಲಿ ಅಳೆದು ಇವತ್ತೇ ಫೋನ್ ಮಾಡು. ಟಿವಿ ಬಂದ್ ಮಾಡಿ ಮಾಡು.

ನಿನ್ನ,
ಮಮ್ಮಿ